ಟೊಪ್ಪಿಗೆ ತೆಗೆಯುವ ಮರ್ಯಾದೆ

(ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಯುವಜನರ ಕೂಟದಲ್ಲಿ ನೀಡಿದ ಉಪನ್ಯಾಸ)



ದೇವಾಲಯದ ಚರಿತ್ರೆಯನ್ನು ಕುರಿತು, ಕಟ್ಟಿದವರ ತ್ಯಾಗವನ್ನು ಕುರಿತು ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಮಗೆ ಯುವಜನರು ಒಪ್ಪಿಸಿರುವ ವಿಷಯ ತೀರ ಚಿಕ್ಕದು. ಟೊಪ್ಪಿಗೆಯನ್ನು ಎಲ್ಲಿ, ಯಾವಾಗ ತೆಗೆಯಬೇಕು ಎಂಬುದಷ್ಟೇ ಅದು. ಟೋಪಿ ಹಾಕುವ ವಿದ್ಯೆಯನ್ನು ಬಲ್ಲವರಿಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಾಗಿಲ್ಲ. ತೆಗೆಯುವುದನ್ನು ಹೇಳಿಕೊಡಿ ಎಂದು ಕೇಳಿದವರನ್ನು ನಾವು ಕಂಡದ್ದು ಇದೇ ಮೊದಲು.

ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. ಈಚೆಗೆ ಒಂದು ಭಾನುವಾರ ಕ್ರಿಕೆಟ್ ಟೋಪಿ ಧರಿಸಿ ಬಲಿಪೂಜೆಗೆ ಬಂದ ಯುವಕರೊಬ್ಬರನ್ನು ಹಿರಿಯರೊಬ್ಬರು ಗದರಿಸಿದರಂತೆ. ಯುವಕರು ವಿನಯದಿಂದಲೇ ಕೇಳಿದರಂತೆ: "ಅಕ್ಕ ಸೆರಗು ಹೊದ್ದರೆ ಭಕ್ತಿ, ನಾನು ಟೋಪಿ ಹಾಕಿದರೆ ಅಗೌರವವೇ?" ಗದರಿಸಿದವರಿಗೆ ಉತ್ತರ ಹೊಳೆಯಲಿಲ್ಲ. ನಮಗೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ತಿಳಿಯದು.

ಹ್ಯಾಟು ಯೂರೋಪಿನ ವಸ್ತು, ಅದರ ಮರ್ಯಾದೆಯೂ ಅಲ್ಲಿಯದೇ. ಆದುದರಿಂದ ಅಲ್ಲಿಯ ನಿಯಮವನ್ನು ಮೊದಲು ತಿಳಿಯುವುದು ಯೋಗ್ಯ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಇಂಗ್ಲೆಂಡಿನ ಸಭ್ಯ ಗೃಹಸ್ಥನು ಹ್ಯಾಟಿಲ್ಲದೆ ಬೀದಿಗೆ ಇಳಿಯುವುದು ಅಪರೂಪವಾಗಿತ್ತು. ಒಬ್ಬರ ಮನೆಯನ್ನು ಹೊಕ್ಕೊಡನೆ ಅದನ್ನು ತೆಗೆಯಬೇಕು. ಊಟದ ಮೇಜಿನಲ್ಲಿ ತೆಗೆದಿರಲೇಬೇಕು. ನ್ಯಾಯಾಲಯದಲ್ಲಿ, ದೇವಾಲಯದಲ್ಲಿ ತೆಗೆಯಬೇಕು. ಆದರೆ ಸೂರುಗಳೆಲ್ಲವೂ ಒಂದೇ ಅಲ್ಲ. ರೈಲು ನಿಲ್ದಾಣ, ಅಂಚೆ ಕಚೇರಿ, ದೊಡ್ಡ ಅಂಗಡಿ, ಕಟ್ಟಡಗಳ ಪಡಸಾಲೆ ಇವೆಲ್ಲ ಬೀದಿಯದೇ ಮುಂದುವರಿಕೆಯೆಂದು ಎಣಿಸಿ ಅಲ್ಲಿ ಹ್ಯಾಟನ್ನು ಧರಿಸಿರಲು ಅವಕಾಶವಿತ್ತು. ಲಿಫ್ಟಿನ ವಿಚಾರದಲ್ಲಿ ಮಾತ್ರ ಬಲ್ಲವರಲ್ಲೇ ಜಿಜ್ಞಾಸೆ! ವಸತಿಗೃಹದ ಲಿಫ್ಟಿಗೆ ಮಹಿಳೆಯೊಬ್ಬರು ಬಂದರೆ ತೆಗೆಯಬೇಕು. ಕಚೇರಿಯ ಕಟ್ಟಡದಲ್ಲಿ ಜನ ಕಿಕ್ಕಿರಿದಿರುವಾಗ ತೆಗೆದು ಎದೆಗೆ ಹಿಡಿದರೆ ಇನ್ನೊಬ್ಬರ ನಿಲ್ಲುವ ಸ್ಥಳವನ್ನೇ ಕಸಿದಂತೆ, ಆದ್ದರಿಂದ ಇಟ್ಟುಕೊಳ್ಳಬಹುದು.

ಬೀದಿಯಲ್ಲಿ ಪರಿಚಿತ ಪುರುಷನನ್ನು ಕಂಡರೆ ಅಂಚನ್ನು ಮುಟ್ಟಿದರೆ ಸಾಕು. ಮಹಿಳೆಯಾದರೆ ಹ್ಯಾಟನ್ನು ಎತ್ತಬೇಕು. ಶವಯಾತ್ರೆಯೊಂದು ಎದುರಾದರೆ, ಸತ್ತವನು ಯಾರೇ ಆಗಿರಲಿ, ಅದು ಹಾದುಹೋಗುವವರೆಗೆ ಬರಿದಲೆಯಲ್ಲಿ ನಿಲ್ಲಬೇಕು. ತೆಗೆದ ಹ್ಯಾಟಿನ ಒಳಬದಿ ತನ್ನ ಮೈಕಡೆಗಿರಬೇಕು. ಬೆವರಿನ ಕಲೆ ಹತ್ತಿದ ಆ ಒಳಬದಿಯನ್ನು ಪರರ ಕಣ್ಣಿಗೆ ಒಡ್ಡಬಾರದು. ಮಹಿಳೆಯರ ಹ್ಯಾಟಾದರೋ ಕೂದಲಿಗೆ ಪಿನ್ನಿನಿಂದ ಸಿಕ್ಕಿಸಿದ್ದು, ಉಡುಗೆಯದೇ ಒಂದು ಭಾಗ. ಆದ್ದರಿಂದ ಅವರು ಮನೆಯೊಳಗೂ ದೇವಾಲಯದಲ್ಲಿಯೂ ಅದನ್ನು ತೆಗೆಯುತ್ತಿರಲಿಲ್ಲ. ನಾಟಕಶಾಲೆಯಲ್ಲಿ ಮಾತ್ರ ಹಿಂದೆ ಕುಳಿತವರ ನೋಟಕ್ಕೆ ಅಡ್ಡಿಯಾಗದಂತೆ ತೆಗೆಯಬೇಕಿತ್ತು. (ಈ ಕೊನೆಯ ನಿಯಮವನ್ನು ನಮ್ಮ ಮದುವೆಗಳಲ್ಲಿ ಬಲಿಪೀಠದ ಮುಂದೆ ಬೆನ್ನು ತಿರುಗಿಸಿ ನಿಲ್ಲುವ ವಿಡಿಯೋ ಚಿತ್ರಗಾರರಿಗೂ ಯಾರಾದರೂ ತಿಳಿಸಿದರೆ ಉಪಕಾರವಾದೀತು.)

ಈ ಪದ್ಧತಿಯ ಒಳಗೆ ಅಡಗಿರುವುದು ಮೇಲು ಕೀಳಿನ ಲೆಕ್ಕ. ಕಿರಿಯನು ಹಿರಿಯನೆದುರು ತಲೆಯನ್ನು ಬರಿದು ಮಾಡುತ್ತಾನೆ. ಹಿರಿಯನು ಧರಿಸಿಯೇ ಇರುತ್ತಾನೆ. ಸ್ಪೇನ್ ದೇಶದಲ್ಲಿ ಅತ್ಯುಚ್ಚ ಶ್ರೇಣಿಯ ಸರದಾರರಿಗೆ ಇದ್ದ ವಿಶೇಷ ಗೌರವವೆಂದರೆ ದೊರೆಯ ಸಮ್ಮುಖದಲ್ಲಿಯೂ ಹ್ಯಾಟನ್ನು ಧರಿಸಿ ನಿಲ್ಲುವ ಹಕ್ಕು. ಇಂಗ್ಲೆಂಡಿನ ಕ್ವೇಕರ್ ಪಂಥದವರು ಈ ಲೆಕ್ಕವನ್ನೇ ಒಪ್ಪಲಿಲ್ಲ. ಪ್ರಾರ್ಥಿಸುವಾಗ ದೇವರೆದುರು ತೆಗೆಯುತ್ತೇವೆ, ಮನುಷ್ಯರೆದುರು ತೆಗೆಯುವುದಿಲ್ಲ ಎಂದು ಪಟ್ಟು ಹಿಡಿದರು. 1670ರಲ್ಲಿ ವಿಲಿಯಂ ಪೆನ್ ಹಾಗೂ ವಿಲಿಯಂ ಮೀಡ್ ಎಂಬಿಬ್ಬರು ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯಕ್ಕೆ ಬಂದಾಗ ಅವರ ತಲೆಯ ಮೇಲೆ ಹ್ಯಾಟು ಇರಲಿಲ್ಲ. ನ್ಯಾಯಪೀಠದ ಆಜ್ಞೆಯಂತೆ ಅಧಿಕಾರಿಯೊಬ್ಬನು ಅವನ್ನು ಮರಳಿ ಅವರ ತಲೆಗೇರಿಸಿದನು. ಬಳಿಕ, ಹ್ಯಾಟು ಧರಿಸಿ ನಿಂತ ತಪ್ಪಿಗೆಂದು ಅದೇ ಪೀಠವು ತಲಾ 40 ಮಾರ್ಕು ದಂಡ ವಿಧಿಸಿತು! ಮರ್ಯಾದೆಯ ಹೆಸರಿನಲ್ಲಿ ನಡೆದ ಇಂತಹ ಅಮರ್ಯಾದೆಗೆ ಬೇರೆ ಉದಾಹರಣೆಯನ್ನು ಹುಡುಕಬೇಕಾಗಿಲ್ಲ ಎಂದು ಹೇಳಬಹುದಿತ್ತು. ಆದರೆ ನಮ್ಮ ಬಳಿಯೂ ಒಂದಿದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಇನ್ನು ಶ್ರೀಸಭೆಯ ವಿಚಾರ. ಪವಿತ್ರ ಗ್ರಂಥದಲ್ಲಿ ಮೋಶೆಯು ಉರಿಯುವ ಪೊದೆಯ ಮುಂದೆ ಕಳಚಿದ್ದು ಪಾದರಕ್ಷೆಯನ್ನು. ಯಾಜಕನಾದ ಆರೋನನಿಗೆ ದೇವಸನ್ನಿಧಿಯ ಉಡುಪಾಗಿ ವಿಧಿಸಿದ್ದು ತಲೆಗೆ ಮುಂಡಾಸು. ಇಂದಿಗೂ ಯೆಹೂದ್ಯ ಭಕ್ತರು ತಲೆ ಮುಚ್ಚಿಕೊಂಡೇ ಪ್ರಾರ್ಥಿಸುತ್ತಾರೆ. ಪ್ರಾಚೀನ ರೋಮನ್ನರೂ ಬಲಿಯರ್ಪಿಸುವಾಗ ಮೇಲುವಸ್ತ್ರದ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ, ಪುರುಷರು ಪ್ರಾರ್ಥಿಸುವಾಗ ತಲೆ ಬರಿದಾಗಿರಲಿ, ಸ್ತ್ರೀಯರು ಮುಚ್ಚಿಕೊಳ್ಳಲಿ ಎಂದರು. ನಮ್ಮ ಯುವ ಮಿತ್ರರ ಅಕ್ಕನ ಸೆರಗಿಗೂ ಅವರ ಕ್ರಿಕೆಟ್ ಟೋಪಿಗೂ ಇರುವ ವ್ಯತ್ಯಾಸದ ಮೂಲ ಇಲ್ಲಿದೆ.

ಧರ್ಮಾಧ್ಯಕ್ಷರು ನಮ್ಮ ದೇವಾಲಯಕ್ಕೆ ಬಂದಾಗ ಗಮನಿಸಿರಿ. ಎತ್ತರದ ಕಿರೀಟವನ್ನು ಅವರು ಪ್ರಾರ್ಥನೆಯ ವೇಳೆ ತೆಗೆದಿಡುತ್ತಾರೆ. ಅದರ ಕೆಳಗಿರುವ ನೇರಳೆ ಬಣ್ಣದ ಪುಟ್ಟ ಟೊಪ್ಪಿಗೆ ಮಾತ್ರ ತಲೆಯ ಮೇಲೆಯೇ ಇರುತ್ತದೆ. ಪರಮಪ್ರಸಾದದ ಪ್ರಾರ್ಥನೆ ಆರಂಭವಾಗುವಾಗ ಅದನ್ನೂ ತೆಗೆಯುತ್ತಾರೆ. ಆ ಟೊಪ್ಪಿಗೆಗೆ 'ಸೋಲಿದೇಓ' ಎಂಬ ಹೆಸರೂ ಉಂಟು. ಲತೀನ್ ಭಾಷೆಯಲ್ಲಿ ದೇವರೊಬ್ಬರಿಗೆ ಮಾತ್ರ ಎಂದು ಅದರ ಅರ್ಥ. ಕ್ವೇಕರ್ ಪಂಥದವರು ಹೋರಾಡಿ ಹೇಳಿದ್ದನ್ನು ನಮ್ಮ ಟೊಪ್ಪಿಗೆಯೊಂದು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿದೆ.

ಆದರೆ ಶ್ರೀಸಭೆಯು ಚೀನಾ ದೇಶಕ್ಕೆ ಹೋದಾಗ ಒಂದು ತೊಡಕು ಎದುರಾಯಿತು. ಹಿರಿಯರ ಸಮ್ಮುಖದಲ್ಲಿ ಬರಿದಲೆಯಲ್ಲಿ ನಿಲ್ಲುವುದು ಅಲ್ಲಿ ಅಸಭ್ಯತೆ. ಗುರುಗಳು ಬಲಿಪೀಠದ ಮುಂದೆ ಬರಿದಲೆಯಲ್ಲಿ ನಿಂತರೆ ಚೀನೀಯರ ಕಣ್ಣಿಗೆ ಅದು ದೇವರಿಗೆ ಮಾಡಿದ ಅವಮಾನವಾಗಿ ಕಾಣುವಂತಿತ್ತು. ಯೇಸುಸಭೆಯ ಗುರುಗಳು ಇದನ್ನು ರೋಮಿಗೆ ಅರಿಕೆ ಮಾಡಿಕೊಂಡರು. 1615ರಲ್ಲಿ ಜಗದ್ಗುರು ಐದನೆಯ ಪೌಲರು, ಚೀನಾದಲ್ಲಿ ಗುರುಗಳು ತಲೆಗೆ ಟೊಪ್ಪಿಗೆ ಧರಿಸಿಯೇ ಬಲಿಪೂಜೆಯನ್ನು ಅರ್ಪಿಸಬಹುದೆಂದು ಅನುಮತಿಯಿತ್ತರು. ಸಂತ ಪೌಲರ ಮಾತನ್ನು ಮೀರಿದರೆಂದು ಯಾರೂ ತಿಳಿಯಬೇಕಾಗಿಲ್ಲ. ಗೌರವವೆಂಬುದು ನೋಡುವವರಿಗೂ ಗೌರವವಾಗಿ ಕಾಣಬೇಕೆಂಬುದನ್ನು ಅವರು ಅರಿತಿದ್ದರು.

ನಮ್ಮ ನಾಡಿನ ರೀತಿಯೂ ಚೀನೀಯರದಕ್ಕೆ ಹತ್ತಿರವಾದದ್ದು. ಗೌರವಕ್ಕೆ ನಾವು ಕಳಚುವುದು ಕಾಲಿನದನ್ನು, ತಲೆಯದನ್ನಲ್ಲ. ಸನ್ಮಾನವೆಂದರೆ ಇಂದಿಗೂ ಮೈಸೂರು ಪೇಟ ತೊಡಿಸುವುದೇ. ಸರ್ ಎಂ. ವಿಶ್ವೇಶ್ವರಯ್ಯನವರ ಪೇಟವಿಲ್ಲದ ಚಿತ್ರವನ್ನು ನೆನಪಿಸಿಕೊಳ್ಳಬಲ್ಲವರು ಎಷ್ಟು ಮಂದಿ? ರುಮಾಲನ್ನು ಬಿಚ್ಚಿ ಒಬ್ಬರ ಕಾಲಬಳಿ ಇಡುವುದೆಂದರೆ ಸರ್ವಸ್ವವನ್ನೂ ಒಪ್ಪಿಸಿ ಶರಣಾದಂತೆ. ಆಂಗ್ಲರ ಆಳ್ವಿಕೆಯಲ್ಲಿ ಈ ಎರಡು ರೀತಿಗಳ ನಡುವೆ ಎಳೆದಾಟವೇ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಹೇಬರ ಕಚೇರಿಗೆ ಹೋಗುವ ದೇಶೀಯನು ನಾಡಜೋಡನ್ನು ಬಿಡಬೇಕೇ, ವಿಲಾಯಿತಿ ಬೂಟು ಹಾಕಿದರೆ ಬಿಡಬೇಕಿಲ್ಲವೇ ಎಂಬುದನ್ನು ಕುರಿತು ಸರ್ಕಾರವೇ ಆಜ್ಞೆಗಳನ್ನು ಹೊರಡಿಸಬೇಕಾಯಿತು.

ಹಾಗೆಂದು ನಮ್ಮಲ್ಲಿ ತಲೆಯದನ್ನು ತೆಗೆಸುವ ಪದ್ಧತಿಯೇ ಇರಲಿಲ್ಲವೆಂದರೆ ಸುಳ್ಳಾದೀತು. ಬಿಸಿಲಿಗೆ ತಲೆಗೆ ಟವಲು ಸುತ್ತಿದ ಕೂಲಿಯಾಳು ಧಣಿಯನ್ನು ಕಂಡೊಡನೆ ಅದನ್ನು ಬಿಚ್ಚಿ ಕಂಕುಳಲ್ಲಿ ಇರುಕಿಕೊಂಡು ನಿಲ್ಲುವುದನ್ನು ಇಲ್ಲಿರುವ ಹಿರಿಯರೆಲ್ಲ ಕಂಡಿದ್ದಾರೆ. ಪೇಟ ಉಳ್ಳವರದು, ಬಿಚ್ಚಿದ ಟವಲು ಇಲ್ಲದವರದು. ಇದನ್ನು ಯಾವ ಆಂಗ್ಲನೂ ನಮಗೆ ಕಲಿಸಲಿಲ್ಲ.

ಈಗ ನಮ್ಮ ಅರಿಕೆ. 1966ನೆಯ ಇಸವಿ. ಬಲಿಪೂಜೆಯು ಲತೀನಿನಿಂದ ಕನ್ನಡಕ್ಕೆ ಬರುತ್ತಿದ್ದ ಕಾಲ. ನಮಗೆ ಹದಿನೇಳು ವರ್ಷ. ಬೇರೊಂದು ಊರಿನ ದೇವಾಲಯದ ವಾರ್ಷಿಕ ಹಬ್ಬದಂದು ಎದೆಗೆ ರಿಬ್ಬನ್ನು ಚುಚ್ಚಿಕೊಂಡು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಸ್ವಯಂಸೇವಕರೆಂದು ಬಾಗಿಲಲ್ಲಿ ನಿಂತಿದ್ದೆವು. ಪಕ್ಕದ ಹಳ್ಳಿಯಿಂದ ಒಬ್ಬ ವೃದ್ಧರು ಬಂದರು. ಜಮೀನುದಾರರೊಬ್ಬರ ಹೊಲದಲ್ಲಿ ಜೀವಮಾನವೆಲ್ಲ ದುಡಿದವರು. ಮಕ್ಕಳ ಕಾಲಕ್ಕೆ ದೀಕ್ಷಾಸ್ನಾನ ಪಡೆದ ಮನೆತನ. ಅಂದು ಅವರ ತಲೆಯ ಮೇಲೆ ಜರಿಯಂಚಿನ ಹೊಸ ರುಮಾಲು. ಮಗಳ ಮದುವೆಯಲ್ಲಿ ಬೀಗರು ಸುತ್ತಿಸಿದ್ದೆಂದು ಆಮೇಲೆ ತಿಳಿಯಿತು. ಅವರು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಡುತ್ತಿದ್ದರು.

"ತಲೇದು ತೆಗೀರಿ, ಇದು ದೇವಸ್ಥಾನ" ಎಂದೆವು.

ಅವರು ವಾದಿಸಲಿಲ್ಲ. "ತಪ್ಪಾಯ್ತು ಸ್ವಾಮಿ" ಎಂದು, ಮೊಮ್ಮಗನ ವಯಸ್ಸಿನ ನಮ್ಮನ್ನು ಸ್ವಾಮಿಯೆಂದು ಕರೆದು, ಅವಸರದಿಂದ ರುಮಾಲನ್ನು ಬಿಚ್ಚಿ ಮುದುರಿ ಕಂಕುಳಲ್ಲಿ ಇರುಕಿಕೊಂಡರು. ಧಣಿಯೆದುರು ನಿಲ್ಲುವಂತೆಯೇ ನಿಂತರು. ಬಳಿಕ ಒಳಗೆ ಹೋಗದೆ ಬಾಗಿಲ ಪಕ್ಕದ ಗೋಡೆಗೆ ಒರಗಿ ಪೂಜೆ ಮುಗಿಯುವವರೆಗೂ ಅಲ್ಲಿಯೇ ಇದ್ದರು. ಬೂಟುಗಾಲಿನ ಹುಡುಗನು ಬರಿಗಾಲಿನ ವೃದ್ಧರಿಗೆ ಮರ್ಯಾದೆ ಕಲಿಸಿದ್ದನು. ನಮ್ಮ ಕರ್ತವ್ಯವನ್ನು ಚೆನ್ನಾಗಿ ಮಾಡಿದೆವೆಂದೇ ಅಂದು ನಾವು ಭಾವಿಸಿದ್ದೆವು.

ಎಷ್ಟೋ ವರ್ಷಗಳ ಮೇಲೆ ಆ ಕಾಲದಲ್ಲಿ ಜಾರಿಯಲ್ಲಿದ್ದ 1917ರ ಧರ್ಮಸಭಾ ಸಂಹಿತೆಯನ್ನು ತೆರೆದು ನೋಡುವ ಸಂದರ್ಭ ಒದಗಿತು. 1262ನೆಯ ವಿಧಿ. ಪುರುಷರು ಬರಿದಲೆಯಲ್ಲಿರಬೇಕೆಂಬ ನಿಯಮವೇನೋ ಅಲ್ಲಿತ್ತು. ಆದರೆ ಅದರ ಜೊತೆಯಲ್ಲಿಯೇ, ಆಯಾ ಜನಾಂಗದ ಮಾನ್ಯ ಸಂಪ್ರದಾಯ ಬೇರೆಯಾಗಿದ್ದರೆ ಈ ನಿಯಮವಿಲ್ಲ ಎಂಬ ಅರ್ಥದ ವಾಕ್ಯಖಂಡವೂ ಇತ್ತು. ರೋಮಿನಲ್ಲಿ ಕುಳಿತು ಕಾನೂನು ಬರೆದವರು ಆ ವೃದ್ಧರ ರುಮಾಲಿಗೆ ಸ್ಥಳ ಬಿಟ್ಟಿದ್ದರು. ಬಿಡದಿದ್ದವರು ಬಾಗಿಲಲ್ಲಿ ನಿಂತಿದ್ದ ನಾವು. ಆ ವಿಧಿಯನ್ನು ಓದಿದ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

1983ರ ಹೊಸ ಸಂಹಿತೆಯಲ್ಲಿ ಈ ವಿಧಿಯೇ ಇಲ್ಲ. ಸ್ತ್ರೀಯರು ತಲೆ ಮುಚ್ಚಲೇಬೇಕೆಂಬ ಕಟ್ಟಳೆಯೂ ಉಳಿದಿಲ್ಲ. ಸೆರಗು ಹೊದೆಯುವವರು ಪ್ರೀತಿಯಿಂದ ಹೊದೆಯುತ್ತಾರೆ. ಅದಕ್ಕೂ ಮುಂಚೆ, 1969ರ ಏಪ್ರಿಲ್ ತಿಂಗಳಿನಲ್ಲಿ, ಭಾರತದ ಪೂಜಾವಿಧಿಗೆ ಹನ್ನೆರಡು ಅಂಶಗಳ ಅಳವಡಿಕೆಯನ್ನು ರೋಮ್ ಒಪ್ಪಿತ್ತು. ಪಾದರಕ್ಷೆ ಬಿಟ್ಟು ಬರುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿದು ನಮಿಸುವುದು, ಪಂಚಾಂಗ ಪ್ರಣಾಮ ಇವೆಲ್ಲ ಅದರಲ್ಲಿದ್ದವು. ಇದಕ್ಕಾಗಿ ಶ್ರಮಿಸಿದ ಗುರು ಡಿ. ಎಸ್. ಅಮಲೋರ್ಪವದಾಸರು ನಡೆಸುತ್ತಿದ್ದ ರಾಷ್ಟ್ರೀಯ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಆ ವೃದ್ಧರು 1966ರಲ್ಲಿ ಮೆಟ್ಟಿಲ ಕೆಳಗೆ ತಾವಾಗಿ ಮಾಡಿದ್ದಕ್ಕೆ ಮೂರು ವರ್ಷಗಳ ತರುವಾಯ ಒಪ್ಪಿಗೆಯ ಮುದ್ರೆ ಬಿದ್ದಿತು.

ಹಾಗಾದರೆ ಕ್ರಿಕೆಟ್ ಟೋಪಿ? ನಮ್ಮ ಯುವ ಮಿತ್ರರು ಬೇಸರಿಸಬಾರದು, ಅದನ್ನು ತೆಗೆಯಬೇಕು. ಅದು ಹ್ಯಾಟಿನ ವಂಶದ್ದು, ಹ್ಯಾಟಿನ ನಿಯಮವನ್ನು ಜೊತೆಯಲ್ಲಿಯೇ ತಂದಿದೆ. ಅದನ್ನು ಧರಿಸಿ ಒಳಗೆ ಬಂದರೆ ಆಟದ ಮೈದಾನದಿಂದ ಹಾದುಹೋಗುವವರಂತೆ ಕಾಣುತ್ತದೆಯೇ ಹೊರತು ತಲೆ ಮುಚ್ಚಿ ನಮಿಸಿದಂತೆ ಯಾರಿಗೂ ಕಾಣುವುದಿಲ್ಲ. ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬರ ಸ್ಥಳವನ್ನು ಅದಕ್ಕೆ ಕೊಡುವುದೂ ಸಲ್ಲದು, ನೆಲದಲ್ಲಿಡಿ. ಪೇಟ, ರುಮಾಲು, ಮುಂಡಾಸು ಬೇರೆ ವಂಶದವು. ಸಿಖ್ಖರ ಪಗಡಿ, ಮುಸಲ್ಮಾನ ಬಂಧುಗಳ ಟೊಪ್ಪಿಗೆ ಅವರವರ ಧರ್ಮಕ್ಕೆ ಸೇರಿದವು. ಅವನ್ನು ಕುರಿತು ಪ್ರಶ್ನೆ ಕೇಳುವುದೇ ಸಭ್ಯತೆಯಲ್ಲ.

ಆ ವೃದ್ಧರು ಮರುವರ್ಷದ ಹಬ್ಬಕ್ಕೂ ಬಂದಿದ್ದರು. ಈ ಸಲ ತೇರಿನ ಬೀದಿಯ ತಿರುವಿನಲ್ಲಿಯೇ, ದೇವಾಲಯದ ಗೋಪುರ ಕಾಣುತ್ತಿದ್ದಂತೆಯೇ, ಯಾರೂ ಹೇಳದೆ ತಲೆಯ ವಸ್ತ್ರವನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಅದು ಜರಿಯ ರುಮಾಲಲ್ಲ, ಮಾಸಿದ ಟವಲು.

ಶತಮಾನೋತ್ಸವದ ಮಹಾಪೂಜೆಗೆ ಸುತ್ತಲ ಹಳ್ಳಿಗಳಿಂದ ಅನೇಕ ಅತಿಥಿಗಳು ಬರುವವರಿದ್ದಾರೆ. ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರ ಪಟ್ಟಿ ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ತಿಳಿಸಿದರು. ಪೇಟ ಸುತ್ತಿಕೊಂಡು ಬಂದವರನ್ನು ಪೇಟದೊಂದಿಗೇ ಕರೆದೊಯ್ದು ಮುಂದಿನ ಸಾಲಿನಲ್ಲಿ ಕುಳ್ಳಿರಿಸಬೇಕೆಂದು ಆ ಪಟ್ಟಿಯಲ್ಲಿರುವವರನ್ನು ಬೇಡಿಕೊಳ್ಳುತ್ತೇವೆ. ಅವರ ಜೊತೆಯಲ್ಲಿ ನಿಲ್ಲಲು ನಮ್ಮ ಹೆಸರನ್ನೂ ಸೇರಿಸಿಕೊಂಡರೆ ಕೃತಜ್ಞರಾಗಿರುತ್ತೇವೆ. ಈ ಸಲ ಬರಿಗಾಲಿನಲ್ಲಿ ನಿಲ್ಲುತ್ತೇವೆ.