ಗಾಡಿ ಹತ್ತುವ ಮುಂಚೆ ಬೋರ್ಡು ಓದಿರಿ

ಇವತ್ತು ನಮ್ಮ ಸೀಮೆಯ ರೈಲಿನ ಬಗ್ಗೆ ನಾಲ್ಕು ಮಾತು ಹೇಳತೀನಿ.

ಹೊಳೆ ದಂಡೆಯ ಕೃಷ್ಣಾ ಸ್ಟೇಷನ್ ನಿಮಗೆಲ್ಲ ಗೊತ್ತು. ಮುಂಬೈ-ಮದ್ರಾಸು ರೈಲು ದಾರಿ ಅಲ್ಲಿ ಹಾದು ಹೋಗುತ್ತದೆ. ಅದು ಬಹಳ ಹಳೆಯದು. ಎರಡೂ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದರೆ ಮಕ್ತಲ್‌ಗೆ ರೈಲು ಇರಲಿಲ್ಲ.

ಮಹಬೂಬನಗರದಿಂದ ಮುನಿರಾಬಾದಿಗೆ ಹೊಸ ದಾರಿ 1997-98ರಲ್ಲಿ ಮಂಜೂರಾಯಿತು. ಕೆಲಸ ತುಂಡು ತುಂಡಾಗಿ ನಡೆಯಿತು. ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ. ದಾರಿಯ ಉದ್ಘಾಟನೆ ಆದದ್ದು 2023ರ ಅಕ್ಟೋಬರ್ 1ರಂದು. ಮಂಜೂರಾದಾಗ ಹುಟ್ಟಿದ ಕೂಸಿಗೆ ಅಷ್ಟೊತ್ತಿಗೆ 25 ವರ್ಷ ದಾಟಿತ್ತು ನೋಡ್ರಿ!

ಗದ್ವಾಲ್‌ನಲ್ಲಿ ರೈಲು ಮೊದಲೇ ಇತ್ತು. ಅಲ್ಲಿಂದ ರಾಯಚೂರಿಗೆ ನೇರ ದಾರಿ 2013ರಲ್ಲಿ ಆಯಿತು. ನಾರಾಯಣಪೇಟೆ ಊರಿಗೆ ಮಾತ್ರ ಹೊಸ ದಾರಿ ಮುಟ್ಟಲಿಲ್ಲ. ಸೀರೆ ಗಂಟು ಹೊತ್ತವರು ರೈಲು ಹಿಡಿಯಲು ಜಕ್ಲೇರ್‌ಗೋ ಮಕ್ತಲ್‌ಗೋ ಬರಬೇಕು.

ಈಗ ನೀವು ರಾಯಚೂರು ಸ್ಟೇಷನ್‌ನಲ್ಲಿ ನಿಂತಿದ್ದೀರಿ ಅನ್ನಿ. ದವಾಖಾನೆಗೆ ಬಂದವರು ಊರಿಗೆ ಮರಳಬೇಕು. ಗದ್ವಾಲ್ ಗಾಡಿ ಒಂದು ಕಡೆ ಹೋಗುತ್ತದೆ. ಇನ್ನೊಂದು ದಾರಿ ಹೊಳೆ ದಾಟಿ ಕೃಷ್ಣಾಕ್ಕೆ ಬರುತ್ತದೆ. ಅಲ್ಲಿ ಅದು ಎರಡಾಗುತ್ತದೆ. ಒಂದು ಮಾಗನೂರು, ಮಕ್ತಲ್, ಜಕ್ಲೇರ್ ಕಡೆಗೆ. ಇನ್ನೊಂದು ಸೈದಾಪುರ, ಯಾದಗಿರಿ, ವಾಡಿ ಕಡೆಗೆ. ಓದು ಬಾರದವರು ಮಕ್ತಲ್ ಅಂತ ಹತ್ತಿ ಯಾದಗಿರಿಯಲ್ಲಿ ಇಳಿಯಬೇಕಾದೀತು. ಕೈಯಾಗ ರೋಗಿ ಇದ್ದರೆ ಗತಿ ಏನು?

ಆದ್ದರಿಂದ ಹತ್ತುವ ಮುಂಚೆ ಗಾಡಿಯ ಬೋರ್ಡು ಓದಿರಿ. ಟಿಕೆಟ್ ಮೇಲೆ ಊರು, ತಾರೀಖು, ರೊಕ್ಕ ನೋಡಿರಿ. ಚಿಲ್ಲರೆ ಎಣಿಸಿಕೊಳ್ಳಿರಿ. ವೇಳೆ 15:30 ಎಂದು ಬರೆದಿದ್ದರೆ 12 ಕಳೆಯಿರಿ. ಅಂದರೆ ಮಧ್ಯಾಹ್ನ ಮೂರೂವರೆ. ತಿಳಿಯದಿದ್ದರೆ 139 ನಂಬರಿಗೆ ಫೋನ್ ಮಾಡಿ ಕೇಳಿರಿ.

ಕರ್ನಾಟಕದ ಸ್ಟೇಷನ್‌ಗಳಲ್ಲಿ ಹೆಸರು ಕನ್ನಡದಲ್ಲಿ ಇರುತ್ತದೆ. ನಮ್ಮ ಕಡೆ ತೆಲುಗಿನಲ್ಲಿ ಇರುತ್ತದೆ. ಹೆದರಬೇಡಿ. ಕನ್ನಡ, ತೆಲುಗು ಅಕ್ಷರಗಳು ಅಕ್ಕತಂಗಿಯರಿದ್ದಂಗ. ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ.

ಇನ್ನೊಂದು ಮಾತು. ಹಳಿ ಹೊಸದು, ನಮ್ಮ ಹೊಲದ ದಾರಿ ಹಳೆಯದು. ಹಾಗಂತ ಕಂಡಲ್ಲಿ ಹಳಿ ದಾಟಬೇಡಿ, ದನ ಬಿಡಬೇಡಿ. ಗೇಟು ಅಥವಾ ಸೇತುವೆ ಇರುವಲ್ಲೇ ದಾಟಿರಿ.

ಇವತ್ತು ರಾತ್ರಿ ಪಾಟಿಯ ಮೇಲೆ ಈ ಹೆಸರು ಬರೆಯಿರಿ: ರಾಯಚೂರು, ಕೃಷ್ಣಾ, ಮಾಗನೂರು, ಮಕ್ತಲ್, ಜಕ್ಲೇರ್, ಗದ್ವಾಲ್. ನಾಳೆ ಒಬ್ಬೊಬ್ಬರಾಗಿ ಓದೋಣ.