ಮುಚ್ಚಳದ ಕೆಳಗಿನ ಪರಿಮಳ



ಶಿರಸಿ ಕಡೆಯ ಹವ್ಯಕರ ಮನೆಗೆ ಹೋದರೆ ಮೊದಲು ಕೇಳುವುದು, ‘ಆಸರಿಗೆ ಎಂತ ಬೇಕು?’ ಎಂದು. ಆಸರು ಅಂದರೆ ಬಾಯಾರಿಕೆ. ಮಳೆಗಾಲದಲ್ಲಿ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಕಷಾಯ. ನಾನು ಬಯಲುಸೀಮೆಯವಳು. ಕಷಾಯ ಅಂದರೆ ಜ್ವರ ಬಂದಾಗ ಮೂಗು ಹಿಡಿದು ನುಂಗುವ ಕಹಿ ಎಂದೇ ತಿಳಿದಿದ್ದವಳು. ನೆಂಟರ ಜೊತೆ ಜಗಲಿಯಲ್ಲಿ ಕೂತು, ರುಚಿಗಾಗಿ ಕುಡಿಯುತ್ತಾರೆಂದು ಗೊತ್ತಾದದ್ದು ಮದುವೆಯಾದ ಮೇಲೆ.

ಅತ್ತೆ ಕೊತ್ತಂಬರಿ ಬೀಜ, ಅದರ ಅರ್ಧದಷ್ಟು ಜೀರಿಗೆ, ಚಿಟಿಕೆ ಮೆಂತ್ಯ, ನಾಲ್ಕು ಕಾಳುಮೆಣಸು, ಒಣಶುಂಠಿ ಎಲ್ಲವನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿಯೇ ಹುರಿಯುತ್ತಿದ್ದರು. ಜೀರಿಗೆ ಬೇಗ ಸೀಯುತ್ತದೆ, ಕೊತ್ತಂಬರಿಗೆ ಹೊತ್ತು ಬೇಕು. ಹುರಿದದ್ದರ ಪುಡಿ ಬೆಲ್ಲದ ನೀರಿನಲ್ಲಿ ಚೆನ್ನಾಗಿ ಕುದಿದು ಒಲೆಯಿಂದ ಇಳಿದ ಮೇಲೆಯೇ ಬಿಸಿ ಹಾಲು. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯುವುದುಂಟು.

ಒಂದು ದಿನ ನಾನು ಮಜ್ಜಿಗೆಹುಲ್ಲು ಕೊಯ್ದು ತಂದು, ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿದೆ. ಮನೆಯೆಲ್ಲ ಘಮಘಮ! ಲೋಟದಲ್ಲಿ ಮಾತ್ರ ಸಪ್ಪೆ ನೀರು. ಅತ್ತೆ ಮೆಲ್ಲಗೆ ಅಂದರು: ‘ಪರಿಮಳ ಎಲ್ಲಾ ಮಾಡಿಗೇ ಹೋತಲೆ ತಂಗಿ.’

ಮಾಡು ಅಂದರೆ ಸೂರು. ಎಷ್ಟು ನಿಜ! ಎಲೆಯ ಪರಿಮಳ ಇರುವುದು ಆವಿಯಾಗಿ ಹಾರುವ ಎಣ್ಣೆಯಲ್ಲಿ. ಮೂಗಿಗೆ ಸಿಕ್ಕಷ್ಟೂ ಲೋಟಕ್ಕೆ ನಷ್ಟ. ಕಷಾಯ ಮಾಡುವ ಬಗೆಗಳನ್ನು ಆಯುರ್ವೇದ ಹಿಂದೆಯೇ ವಿಂಗಡಿಸಿದೆ. ನೀರು ನಾಲ್ಕರಲ್ಲೊಂದು ಪಾಲಿಗೆ ಇಳಿಯುವಂತೆ ಕುದಿಸುವುದು ಕ್ವಾಥ. ಬಿಸಿನೀರಿನಲ್ಲಿ ನೆನೆಸಿ ಸೋಸುವುದು ಫಾಂಟ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸುವುದು ಹಿಮ. ಬೇರು, ತೊಗಟೆಗಳಿಗೆ ಕುದಿ ಬೇಕು. ತುಳಸಿಗೆ, ಪುದೀನಕ್ಕೆ, ಮಜ್ಜಿಗೆಹುಲ್ಲಿಗೆ ಕುದಿದ ನೀರು ಸುರಿದು ಮುಚ್ಚಿಟ್ಟರೆ ಸಾಕು.

2020ರ ಕೋವಿಡ್ ಕಾಲದಲ್ಲಿ ನಾವೆಲ್ಲ ಕಷಾಯ ಕುಡಿದದ್ದು ಹೆದರಿಕೆಯಿಂದ. ಖಾರ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚೆಂಬಂತೆ ಮೆಣಸು ಸುರಿದು, ಹೊಟ್ಟೆ ಉರಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಆ ಭಯದಲ್ಲಿ ಕಷಾಯ ಮತ್ತೆ ಬರೀ ಔಷಧವಾಗಿಬಿಟ್ಟಿತು. ನನಗೆ ಅದೇ ಬೇಸರ. ಕಾಯಿಲೆಗೆ ವೈದ್ಯರಿದ್ದಾರೆ. ಇದು ಆಸರಿಗೆ.

ಈಗ ಅತ್ತೆ ಇಲ್ಲ. ಬೆಂಗಳೂರಿನ ನಮ್ಮ ಬಾಲ್ಕನಿಯ ಕುಂಡದಲ್ಲಿ ಅವರು ಕೊಟ್ಟ ಮಜ್ಜಿಗೆಹುಲ್ಲಿನ ಬುಡ ಚಿಗುರುತ್ತಲೇ ಇದೆ. ಬೆಳಿಗ್ಗೆ ಎರಡು ಗರಿ ಕತ್ತರಿಸಿ, ಗಂಟು ಕಟ್ಟಿ, ಪಾತ್ರೆಗೆ ಹಾಕಿ, ಬಿಸಿನೀರು ಸುರಿದು ಮುಚ್ಚುತ್ತೇನೆ. ಐದು ನಿಮಿಷ. ಎಲ್ಲರೂ ಬಂದು ಕೂತು, ಲೋಟಗಳು ಎದುರಿಗಿದ್ದಾಗ ಮಾತ್ರ ಮುಚ್ಚಳ ತೆಗೆಯುತ್ತೇನೆ.