ಓದಿದ್ದು ತಿಳಿಯಿತೇ?

(ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಹಿರಿಯರು ದೇವಾಲಯದೊಡನೆ ಶಾಲೆಯನ್ನೂ ಕಟ್ಟಿದರು. ದೇವಾಲಯದ ಗೋಪುರವನ್ನು ಕುರಿತು ಮಾತನಾಡಲು ಇಂದು ಹಲವರಿದ್ದಾರೆ. ಶಾಲೆಯ ಕೊನೆಯ ಬೆಂಚನ್ನು ಕುರಿತು ನಾನು ನಾಲ್ಕು ಮಾತು ಹೇಳಬಯಸುತ್ತೇನೆ.

ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ದೃಢೀಕರಣ ಸಂಸ್ಕಾರಕ್ಕೆ ಸಿದ್ಧನಾಗುತ್ತಿದ್ದ ಹುಡುಗನೊಬ್ಬನಿಗೆ ಬಲಿಪೂಜೆಯ ವಾಚನವನ್ನು ಒಪ್ಪಿಸಿದ್ದೆ. ಅಭ್ಯಾಸದ ದಿನ ಅವನು ಸ್ಪಷ್ಟವಾಗಿ, ತಡವರಿಸದೆ ಓದಿದ. ಸಂತೋಷಗೊಂಡು ಪುಟ ತಿರುಗಿಸಿ, ‘ಇದನ್ನೂ ಓದು ಮಗು’ ಎಂದೆ. ಅವನು ತಲೆ ತಗ್ಗಿಸಿ ನಿಂತ. ಅಕ್ಕನಿಂದ ಓದಿಸಿ, ಕೇಳಿ, ವಾಚನವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದನು. ಏಳನೆಯ ತರಗತಿ ಮುಗಿಸಿದ್ದ ಆ ಹುಡುಗನ ಅಂಕಪಟ್ಟಿಗೆ ಶಾಲೆಯ ಸಂಚಾಲಕನಾಗಿ ಸಹಿ ಹಾಕಿದ್ದವನು ನಾನೇ. ಏಳು ವರ್ಷ ನಮ್ಮ ಕಣ್ಣೆದುರಿಗಿದ್ದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಒಮ್ಮೆಯೂ ಓದಿಸಿ ನೋಡಿರಲಿಲ್ಲ. ತಪ್ಪು ಅವನದಲ್ಲ.

ಇದು ಒಂದು ಊರಿನ ಕಥೆಯಲ್ಲ. ಪ್ರಥಮ್ ಸಂಸ್ಥೆಯು 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, 2024ರಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಶೇಕಡಾ 44.8 ಮಾತ್ರ. ಕೋವಿಡ್ಡಿನ ನಂತರ, 2022ರಲ್ಲಿ, ಅದು 38.5ಕ್ಕೆ ಇಳಿದಿತ್ತು. ಚೇತರಿಕೆ ಕಂಡಿದೆ ನಿಜ. ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊರಗೇ ಉಳಿದಿದ್ದಾರೆ. ಆ ಸಮೀಕ್ಷೆಯ ವಿಧಾನ ಬಹು ಸರಳ: ಅಕ್ಷರ, ಪದ, ಸಣ್ಣ ವಾಕ್ಯಗಳು, ಕೊನೆಗೊಂದು ಕಥೆ, ಲೆಕ್ಕದಲ್ಲಿ ಅಂಕಿ ಗುರುತಿಸುವುದು, ಕಳೆಯುವುದು, ಭಾಗಿಸುವುದು. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

‘ಹಾಗಾದರೆ ಹಿಂದಿನಂತೆ ಪಬ್ಲಿಕ್ ಪರೀಕ್ಷೆ ಇರಲಿ’ ಎನ್ನುವವರುಂಟು. ನಾವೂ ಏಳನೆಯ ತರಗತಿಯಲ್ಲಿ ಅದನ್ನು ಬರೆದವರೇ. ಅನುತ್ತೀರ್ಣರಾಗಿ ಶಾಲೆ ಬಿಟ್ಟು ಕೂಲಿಗೆ ಹೋದ ಗೆಳೆಯರನ್ನೂ ಕಂಡವರು. ‘ಯಾರನ್ನೂ ತಡೆಯಬಾರದು’ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅದನ್ನು ಸಡಿಲಿಸಿತು. ನಮ್ಮ ರಾಜ್ಯದಲ್ಲಿ ಆ ತರಗತಿಗಳ ಮೌಲ್ಯಾಂಕನದ ವಿವಾದ 2023 ಮತ್ತು 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ತಡೆಯಬೇಕೇ, ಬಿಡಬೇಕೇ ಎಂಬ ಈ ವಾದದಲ್ಲಿ ಮುಖ್ಯ ಪ್ರಶ್ನೆ ಮರೆಯಾಗುತ್ತದೆ: ಮಗು ಎಲ್ಲಿ ನಿಂತಿದೆ? ಕುರುಬನು ಕುರಿಗಳನ್ನು ಎಣಿಸುವುದು ತಪ್ಪಿಹೋದುದನ್ನು ಹುಡುಕಲೆಂದೇ ಹೊರತು, ಅದನ್ನು ಮಂದೆಯಿಂದ ತಳ್ಳಲೆಂದಲ್ಲ.

ಶಿಕ್ಷಕರ ಪಾಲಕರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ (1651–1719) ಬಡಮಕ್ಕಳಿಗೆ ಲತೀನಿಗೆ ಬದಲಾಗಿ ತಾಯ್ನುಡಿಯಲ್ಲೇ ಮೊದಲು ಓದು ಕಲಿಸಿದರು. ಓದನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಒಂದನ್ನು ಕಲಿತ ಮೇಲೆ ಮುಂದಿನದಕ್ಕೆ ಕರೆದೊಯ್ದರು. ಪರೀಕ್ಷೆ ಅವರಿಗೆ ಕಲಿಕೆಯ ಕೈದೀಪವಾಗಿತ್ತು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯಾದ ಅಧಿಕಾರಿಯನ್ನು ಫಿಲಿಪ್ಪನು, ಓದಿದ್ದು ಅರ್ಥವಾಯಿತೇ ಎಂದು ವಿಚಾರಿಸುತ್ತಾನೆ. ಅರ್ಥವಾಗಲಿಲ್ಲವೆಂದಾಗ ಅವನನ್ನು ಜರೆಯುವುದಿಲ್ಲ. ರಥವೇರಿ ಪಕ್ಕದಲ್ಲಿ ಕೂರುತ್ತಾನೆ. ಮೌಲ್ಯಮಾಪನವೆಂದರೆ ಇದೇ: ಮೊದಲು ಕೇಳುವುದು, ಆಮೇಲೆ ಪಕ್ಕದಲ್ಲಿ ಕೂರುವುದು.

ಆದುದರಿಂದ ನನ್ನ ಬಿನ್ನಹವಿಷ್ಟು. ಐದನೆಯ ತರಗತಿ ಮುಗಿಸುವ ನಮ್ಮ ಪ್ರತಿಯೊಂದು ಮಗುವೂ ಕಾಣದ ಒಂದು ಪುಟವನ್ನು ಓದಿ, ಅದರ ಸಾರವನ್ನು ತನ್ನ ಮಾತಿನಲ್ಲಿ ಹೇಳಲಿ. ನಾಲ್ಕು ಸಾಲು ಸ್ವಂತವಾಗಿ ಬರೆಯಲಿ. ಅಂಗಡಿಯ ಚೀಟಿಯ ಲೆಕ್ಕ ಮಾಡಲಿ. ಇದಕ್ಕೆ ಅಂಕ ಬೇಡ, ಸೂಚನಾ ಫಲಕದಲ್ಲಿ ಹೆಸರು ಬೇಡ. ಹಿಂದುಳಿದವರಿಗೆ ಜ್ಞಾನೋಪದೇಶದ ಕೋಣೆ ಸಂಜೆ ತೆರೆದಿರುತ್ತದೆ. ನಿವೃತ್ತ ಶಿಕ್ಷಕರೂ ಕಾಲೇಜಿನ ಯುವಜನರೂ ಬರಬೇಕು. ಅಕ್ಷರ ಬಾರದ ತಾಯಂದಿರೂ ‘ಇವತ್ತು ಓದಿದ್ದೇನು, ಹೇಳು ಮಗು’ ಎಂದು ಕೇಳಬಲ್ಲರು.

ಆ ಹುಡುಗನೊಡನೆ ನಾನು ಎಂಟು ತಿಂಗಳು ಸಂಜೆ ಕುಳಿತೆ. ಮುಂದಿನ ಕ್ರಿಸ್ತಜಯಂತಿಯ ವಾಚನವನ್ನು ಅವನು ಬೆರಳಿಟ್ಟು, ನಿಧಾನವಾಗಿ, ಎರಡು ಕಡೆ ತಡವರಿಸಿ ಓದಿದ. ಈ ಸಲ ನಿಜವಾಗಿ ಓದಿದ.

ದೇವರು ನಮ್ಮ ಮಕ್ಕಳನ್ನು ಆಶೀರ್ವದಿಸಲಿ.